ವಿಮಾನದ ‘ದೂರ’ಕ್ಕೆ ಯಾವ ಪದ? ‘ನೂಲಳತೆ’ ಆದೀತೇ?

ಗೆಳೆಯರೇ,

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಮೊದಲ ಸಲ ಹೊರಡುವ ನಮ್ಮ ಬೀದಿಯ ಹಿರಿಯರಿಗಾಗಿ ಕನ್ನಡದಲ್ಲಿ ಎರಡು ಪುಟ ಬರೆಯುತ್ತಿದ್ದೇನೆ. ಮೊದಲ ಸಾಲಿಗೇ ಪದ ಸಿಗುತ್ತಿಲ್ಲ.

‘ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದೂರ ಸುಮಾರು 14,000 ಕಿ.ಮೀ.’ ಎಂದು ಬರೆದೆ. ಇದು ಯಾವ ದೂರ? ಶಾಲೆಯ ಗ್ಲೋಬಿನ ಮೇಲೆ ಎರಡು ಊರಿನ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಸಿಗುವ ಅಳತೆ. ಆ ದಾರ ಹಿಮಾಲಯ ದಾಟಿ, ಸೈಬೀರಿಯಾದ ಮೇಲೆ ಸಾಗಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಗೋಡೆಯ ನಕ್ಷೆಯನ್ನಷ್ಟೇ ನೋಡಿದವರು ಸುಲಭಕ್ಕೆ ನಂಬುವುದಿಲ್ಲ.

ಇಂಗ್ಲಿಷಿನಲ್ಲಿ ಇದು ಗ್ರೇಟ್ ಸರ್ಕಲ್ ಡಿಸ್ಟೆನ್ಸ್. ‘ಮಹಾವೃತ್ತ ದೂರ’ ಪಾಠಪುಸ್ತಕಕ್ಕೆ ಸರಿ, ನನ್ನ ಓದುಗರಿಗೆ ಭಾರ. ‘ನೇರ ದೂರ’ ಎಂದರೆ ಭೂಮಿಯನ್ನೇ ಕೊರೆದು ಹೋಗಬೇಕು ಅಲ್ವಾ? ‘ವಾಯುಮಾರ್ಗದ ದೂರ’ ಎಂದರೆ ವಿಮಾನ ನಿಜವಾಗಿ ಹೋಗುವ ದಾರಿ. ಅದು ದಾರ ಹಿಡಿದಲ್ಲೇ ಇರುವುದಿಲ್ಲ. ಗಾಳಿ ನೋಡಬೇಕು, ಎತ್ತರದ ಬೆಟ್ಟ ನೋಡಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಹಾರಿಸಿಕೊಂಡು ಬಂದಾಗ ಉತ್ತರ ಧ್ರುವದ ಮೇಲೇ ಬಂದರು. ದಾರ ಅಷ್ಟು ಮೇಲೆ ಹೋಗುವುದೇ ಇಲ್ಲ.

ನಮ್ಮಲ್ಲಿ ಕೂಗಳತೆ ಇದೆ, ಕಣ್ಣಳತೆ ಇದೆ. ಅದೇ ಜಾಡಿನಲ್ಲಿ ‘ನೂಲಳತೆ’ ಎನ್ನೋಣವೇ? ‘ನೂಲು ಹಿಡಿದ ಹಾಗೆ’ ಎನ್ನುವ ಮಾತು ಎಲ್ಲರಿಗೂ ಗೊತ್ತು. ನನಗೆ ಈ ಪದ ತುಂಬಾ ಹಿಡಿಸಿದೆ. ಹಳೆಯ ಬರಹದಲ್ಲೋ ಮಗ್ಗದವರ ಮಾತಿನಲ್ಲೋ ಇದಕ್ಕೆ ಬೇರೆ ಅರ್ಥ ಇದ್ದರೆ ದಯವಿಟ್ಟು ಹೇಳಿ.

ಹೊತ್ತಿನ ವಿಷಯ ಇನ್ನೂ ತೊಡಕು. ಎಷ್ಟು ದೂರ ಎಂದರೆ ‘ಎರಡು ಗಂಟೆ ದಾರಿ’ ಎಂದು ಹೊತ್ತಿನಲ್ಲೇ ಉತ್ತರ ಕೊಡುವವರು ನಾವು. ಬಸ್ಸಿಗೆ ಅದು ಸಾಕು. ಆದರೆ ಆ ಏರ್ ಇಂಡಿಯಾ ವಿಮಾನ 9ನೇ ತಾರೀಖು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಇಲ್ಲಿ ಇಳಿದಾಗ 11ನೇ ತಾರೀಖಿನ ನಸುಕು. ಹಾರಿದ್ದು ಮಾತ್ರ ಸುಮಾರು 17 ಗಂಟೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಟಿಕೆಟ್ಟಿನ ಎರಡು ಸಮಯವನ್ನು ಸುಮ್ನೆ ಕಳೆದು ನೋಡಿದವರು ಗಾಬರಿಯಾಗುತ್ತಾರೆ.

ಇನ್ನೊಂದು ಲೆಕ್ಕವೂ ಇದೆ. ಗೇಟಿನಿಂದ ವಿಮಾನ ಕದಲಿದಾಗಿನಿಂದ ಆ ಕಡೆಯ ಗೇಟಿನಲ್ಲಿ ನಿಲ್ಲುವ ತನಕದ್ದು. ವಿಮಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ನೆಲ ಬಿಟ್ಟು ಮತ್ತೆ ನೆಲ ಮುಟ್ಟುವ ತನಕದ್ದನ್ನು ‘ಹಾರಾಟದ ಹೊತ್ತು’ ಎಂದು ಬರೆದಿದ್ದೇನೆ. ಬ್ಲಾಕ್ ಟೈಮಿಗೆ ‘ಗೇಟಿಂದ ಗೇಟಿಗೆ’ ಎಂದಿದ್ದೇನೆ. ಬಸ್ಸಿನವರ ‘ರನ್ನಿಂಗ್ ಟೈಮ್’ ಇದಕ್ಕೆ ಹೊಂದುತ್ತದೆಯೇ? ಡ್ರೈವರು, ಕಂಡಕ್ಟರು ಇದನ್ನು ಕನ್ನಡದಲ್ಲೇ ಹೇಳುವುದನ್ನು ಯಾರಾದರೂ ಕೇಳಿದ್ದೀರಾ?