ಐದು ತಿಂಗಳ ಪಗ್ ಮರಿಯ ಕಾಯಿಲೆ ಪತ್ತೆಯಾಗುತ್ತಿಲ್ಲ: ಇನ್ನೇನು ಕೇಳಬೇಕು?

ಪ್ರಶ್ನೆ (ಸಿಂಧನೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ತಿಂಗಳ ಹೆಣ್ಣು ಪಗ್ ಮರಿಯಿದೆ. ತಂದಾಗಿನಿಂದಲೂ ಅದರ ತೂಕ ಸರಿಯಾಗಿ ಏರಿಲ್ಲ. ಪರಿಚಯದವರ ಮನೆಯಲ್ಲಿರುವ ಅದರ ಒಡಹುಟ್ಟಿದ ಮರಿ ಇದಕ್ಕಿಂತ ಎಷ್ಟೋ ದಪ್ಪಗಿದೆ. ಈಚೆಗೆ ಇದು ಇದ್ದಕ್ಕಿದ್ದಂತೆ ಮಂಕಾಗಿ, ಜೊಲ್ಲು ಸುರಿಸುತ್ತಾ, ಕೋಣೆಯೊಳಗೆ ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆ. ಆಮೇಲೆ ಅಲಮಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತುಬಿಡುತ್ತದೆ. ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಕೆಲವು ಗಂಟೆ ಕಳೆದರೆ, ಏನೂ ಆಗಿಯೇ ಇಲ್ಲವೆಂಬಂತೆ ಚಪ್ಪಲಿ ಕಚ್ಚಲು ಬರುತ್ತದೆ.

ಮೊದಲು ಜಂತುಹುಳುವಿನ ಔಷಧ ಕೊಟ್ಟರು, ಬಳಿಕ ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಎಂದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಇರಬಹುದು, ಆಸೆ ಇಟ್ಟುಕೊಳ್ಳಬೇಡಿ ಎಂದು ಇನ್ನೊಬ್ಬ ವೈದ್ಯರು ಹೇಳಿದ್ದಾರೆ. ರಕ್ತದ ವರದಿಯಲ್ಲಿ ಪ್ಲೇಟ್‌ಲೆಟ್ ಸರಿಯಾಗಿದೆ, ಲಿವರ್‌ನ ಅಂಶ ಸ್ವಲ್ಪ ಹೆಚ್ಚಿದೆ, ಯೂರಿಯಾ ಕಡಿಮೆಯಿದೆ. ನಮ್ಮ ಅತ್ತೆಯವರು ದೃಷ್ಟಿ ತೆಗೆದದ್ದೂ ಆಯಿತು. ಎಂಟನೇ ತರಗತಿಯಲ್ಲಿ ಓದುವ ಮಗಳು ಶಾಲೆಯಿಂದ ಬಂದವಳೇ "ಇದು ಬದುಕುತ್ತದಾ?" ಎಂದು ಕೇಳುತ್ತಾಳೆ. ವೈದ್ಯರಲ್ಲಿ ಇನ್ನೇನು ವಿಚಾರಿಸಬೇಕು, ಇವಳಿಗೆ ಏನು ಹೇಳಬೇಕು, ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ರಾಯಚೂರು)

ಮೇಡಂ, ವೈದ್ಯರು ಮೊದಲು ಟಿಕ್ ಫೀವರನ್ನು ಶಂಕಿಸಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆಯ ಬಿಸಿಲಿಗೆ ಉಣ್ಣೆಗಳು ಗೋಡೆಯ ಬಿರುಕಿನಲ್ಲೂ ಸೇರಿಕೊಂಡು ಸಂತಾನ ಬೆಳೆಸುತ್ತವೆ. ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ನೋಡಿದಾಗ ರೋಗಾಣು ಕಾಣದಿದ್ದರೂ ಕಾಯಿಲೆ ಇಲ್ಲವೆಂದು ಹೇಳಲಾಗದು. ಆದರೆ ಆ ಜ್ವರದಲ್ಲಿ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕುಸಿಯುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಡಿಸ್ಟೆಂಪರ್ ಆಗಿದ್ದರೆ ಕಣ್ಣು-ಮೂಗಿನಲ್ಲಿ ಪಿಸುರು, ಕೆಮ್ಮು, ನಿದ್ದೆಯಲ್ಲೂ ನಿಲ್ಲದ ಸ್ನಾಯುಗಳ ಸೆಳೆತ ಕಾಣಬಹುದು. ಅದು ಬೆಳಿಗ್ಗೆ ಬಂದು ಸಂಜೆಗೆ ಹೋಗುವ ಕಾಯಿಲೆಯಲ್ಲ. ನಿಮ್ಮ ಮರಿಯ ತೊಂದರೆ ಬಂದುಹೋಗುತ್ತಿದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಅದು ಊಟವಾದ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಆ ದಿನ ಏನು ತಿನ್ನಿಸಿದ್ದಿರಿ ಎಂದು ತಿಳಿಸುವಿರಾ?

ಪ್ರಶ್ನೆ ಕೇಳಿದವರು

ಸರ್, ನೀವು ಕೇಳಿದ ಮೇಲೆ ಮಗಳ ಜೊತೆ ಕುಳಿತು ನೆನಪಿಸಿಕೊಂಡೆ. ಮೊಟ್ಟೆ ಅಥವಾ ಕೋಳಿ ಹಾಕಿದ ದಿನಗಳಲ್ಲೇ ಹೆಚ್ಚು, ಅದೂ ಉಂಡ ಒಂದೆರಡು ಗಂಟೆಯೊಳಗೆ. ಬರೀ ಮೊಸರನ್ನ ತಿಂದ ದಿನ ಅಷ್ಟಾಗಿ ಇರುವುದಿಲ್ಲ. ಜ್ವರವಂತೂ ಇಲ್ಲ.

ಉತ್ತರ (ಬಳ್ಳಾರಿ)

ಹಾಗಿದ್ದರೆ ಪೋರ್ಟೊಸಿಸ್ಟಮಿಕ್ ಶಂಟ್ ಇರಬಹುದೇ ಎಂದು ವೈದ್ಯರನ್ನು ನೇರವಾಗಿ ಕೇಳಿರಿ. ಕರುಳಿನಿಂದ ಹೊರಟ ರಕ್ತ ಮೊದಲು ಲಿವರ್‌ಗೆ ಹೋಗಬೇಕು. ಮಾಂಸ, ಮೊಟ್ಟೆ ಜೀರ್ಣವಾಗುವಾಗ ಹುಟ್ಟುವ ಅಮೋನಿಯಾವನ್ನು ಲಿವರ್ ಅಲ್ಲಿ ಯೂರಿಯಾ ಆಗಿ ಬದಲಿಸುತ್ತದೆ. ಕೆಲವು ಮರಿಗಳಲ್ಲಿ ಹುಟ್ಟಿನಿಂದಲೇ ಒಂದು ಅಡ್ಡ ರಕ್ತನಾಳವಿದ್ದು, ರಕ್ತ ಲಿವರ್ ತಪ್ಪಿಸಿ, ಹಳ್ಳಕ್ಕೆ ಒಡೆದ ಕಾಲುವೆಯ ನೀರಿನಂತೆ, ನೇರವಾಗಿ ದೇಹದೊಳಗೆ ಹರಿಯುತ್ತದೆ. ಆಗ ಅಮೋನಿಯಾ ಮೆದುಳನ್ನು ತಲುಪಿ ನೀವು ಹೇಳಿದ ಸುತ್ತುವಿಕೆ, ಗೋಡೆಗೆ ಹಣೆಯೊತ್ತುವಿಕೆ, ಜೊಲ್ಲು ಎಲ್ಲವೂ ಬರುತ್ತವೆ. ಬೆಳವಣಿಗೆ ಕುಂಠಿತವಾಗುವುದೂ ಯೂರಿಯಾ ಕಡಿಮೆ ಇರುವುದೂ ಇದಕ್ಕೆ ಹೊಂದುತ್ತವೆ. ಲಿವರ್‌ನ ಅಂಶಗಳು ಅಷ್ಟೇನೂ ಏರದಿರುವುದರಿಂದ ಸಾಮಾನ್ಯ ವರದಿ ನೋಡಿದವರ ಗಮನಕ್ಕೆ ಇದು ಬಾರದೆ ಹೋಗುತ್ತದೆ. ಆದರೂ ಇದೇ ಎಂದು ನಾನು ಹೇಳಲಾರೆ, ಏಕೆಂದರೆ ಪಗ್ ತಳಿಯಲ್ಲಿ ಮೆದುಳಿನ ಉರಿಯೂತದ ಕಾಯಿಲೆಯೊಂದೂ ಇದೆ. ಅದು ಸಾಮಾನ್ಯವಾಗಿ ಊಟದ ಹೊತ್ತನ್ನು ನೋಡಿಕೊಂಡು ಬರುವುದಿಲ್ಲ.

ಶಂಟ್ ಇದೆಯೇ ಎಂದು ತಿಳಿಯಲು ಬೈಲ್ ಆಸಿಡ್ (ಲಿವರ್ ತಯಾರಿಸುವ ಪಿತ್ತದ ಆಮ್ಲ) ಪರೀಕ್ಷೆ ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟ ಕೊಟ್ಟ 2 ಗಂಟೆಯ ನಂತರ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ದೊಡ್ಡ ನಾಯಿಗೆ 12 ಗಂಟೆ ಉಪವಾಸ ಹಾಕುವುದುಂಟು, ಆದರೆ ಇಷ್ಟು ಸಣ್ಣ ಮರಿಗೆ ಸಕ್ಕರೆ ಅಂಶ ಇಳಿಯುವ ಅಪಾಯವಿರುವುದರಿಂದ ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಮಟ್ಟ ಹೆಚ್ಚಿದ್ದರೆ ನುರಿತ ಕೈಯಿಂದ ಸ್ಕ್ಯಾನಿಂಗ್, ಬೇಕಾದರೆ ಸಿಟಿ ಸ್ಕ್ಯಾನ್. ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿದೆ, ಹೈದರಾಬಾದಿನ ರಾಜೇಂದ್ರನಗರದಲ್ಲೂ ಇದೆ. ಹೊರಡುವ ಮುನ್ನ ಈ ಸೌಲಭ್ಯ ಅಲ್ಲಿದೆಯೇ ಎಂದು ಫೋನು ಮಾಡಿ ವಿಚಾರಿಸಿಕೊಳ್ಳಿರಿ.

ಶಂಟ್ ಎಂದು ಖಚಿತವಾದರೆ ಕರುಳಿನಿಂದ ಅಮೋನಿಯಾ ರಕ್ತಕ್ಕೆ ಸೇರುವುದನ್ನು ತಗ್ಗಿಸುವ ಲ್ಯಾಕ್ಟುಲೋಸ್ ಸಿರಪ್, ಆ್ಯಂಟಿಬಯಾಟಿಕ್, ಮಾಂಸಕ್ಕೆ ಬದಲು ಮೊಸರು-ಪನೀರಿನಂಥ ಆಹಾರ ಕೊಟ್ಟು ಮರಿಯನ್ನು ಸ್ಥಿಮಿತಕ್ಕೆ ತರುತ್ತಾರೆ. ಎಷ್ಟೋ ಮರಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಆ ನಾಳವನ್ನು ನಿಧಾನವಾಗಿ ಮುಚ್ಚಿಸಬಹುದು. ಬೆಳೆಯುವ ಮರಿಯ ಪ್ರೋಟೀನನ್ನು ಮಾತ್ರ ನೀವಾಗಿಯೇ ತೀರಾ ಕಡಿತಗೊಳಿಸಬೇಡಿ. ಮರಿ ಮಂಕಾದ ಹೊತ್ತಿನ ವಿಡಿಯೊ ತೆಗೆದಿಟ್ಟುಕೊಳ್ಳಿರಿ. ಆಸ್ಪತ್ರೆಯ ಮೇಜಿನ ಮೇಲೆ ಅದು ಚೂಟಿಯಾಗಿಯೇ ಇರುತ್ತದೆ. ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾದರೂ ಕರೆದೊಯ್ಯಿರಿ.

ಉತ್ತರ (ಗಂಗಾವತಿ)

ಅಕ್ಕಾ, ನಾನು ಮಗುವಿನ ವಿಷಯವಷ್ಟೇ ಹೇಳುತ್ತೇನೆ. "ಖಂಡಿತ ಗುಣವಾಗುತ್ತದೆ" ಎಂದು ಮಾತು ಕೊಡಬೇಡಿ, ಡಿಸ್ಟೆಂಪರ್ ಮಾತನ್ನೂ ಅವಳ ತಲೆಗೆ ತುಂಬಬೇಡಿ. "ಡಾಕ್ಟರಿಗೂ ಇನ್ನೂ ಗೊತ್ತಾಗಿಲ್ಲ, ಈ ವಾರ ಇಂಥ ಪರೀಕ್ಷೆ ಮಾಡಿಸುತ್ತೇವೆ" ಎಂದು ಇದ್ದದ್ದನ್ನು ಹೇಳಿದರೆ ಎಂಟನೇ ತರಗತಿಯ ಹುಡುಗಿಗೆ ಅರ್ಥವಾಗುತ್ತದೆ. ಏನು ತಿಂದಿತು, ಎಷ್ಟು ಹೊತ್ತಿಗೆ ಮಂಕಾಯಿತು ಎಂದು ಬರೆದಿಡುವ ಕೆಲಸವನ್ನು ಅವಳಿಗೇ ವಹಿಸಿರಿ. ಖರ್ಚು ಎಷ್ಟರವರೆಗೆ ಎಂಬುದನ್ನು ಮಾತ್ರ ಮನೆಯ ಹಿರಿಯರು ಈಗಲೇ ಕುಳಿತು ಮಾತಾಡಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಮಾಡುವ ತೀರ್ಮಾನ ಮನೆಯಲ್ಲಿ ಜಗಳಕ್ಕೆ ದಾರಿಯಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ವೈದ್ಯರು ಬೈಲ್ ಆಸಿಡ್ ಪರೀಕ್ಷೆಗೆ ಒಪ್ಪಿದ್ದಾರೆ, ಆದರೆ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಬೇಕಂತೆ. ದಾರಿಯಲ್ಲಿ ಕೆಡುವುದಿಲ್ಲವೇ? ಅಮೋನಿಯಾವನ್ನೇ ಇಲ್ಲಿ ನೋಡಿಸಬಹುದೇ?

ಉತ್ತರ (ಬಳ್ಳಾರಿ)

ಅಮೋನಿಯಾದ ರಕ್ತವನ್ನು ಐಸ್‌ನಲ್ಲಿಟ್ಟು ಕೂಡಲೇ ಪರೀಕ್ಷಿಸಬೇಕು, ತಡವಾದರೆ ಅಂಕಿ ತಾನಾಗಿಯೇ ಏರಿಬಿಡುತ್ತದೆ. ಬೈಲ್ ಆಸಿಡ್‌ಗೆ ಆ ಕಷ್ಟವಿಲ್ಲ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸಿ ತಣ್ಣಗೆ ಕಳುಹಿಸಿದರೆ ಸಾಕು. ಎರಡೂ ಟ್ಯೂಬುಗಳ ಮೇಲೆ "ಊಟಕ್ಕೆ ಮುಂಚೆ", "ಊಟದ ನಂತರ" ಎಂದು ಸಮಯ ಸಹಿತ ಬರೆಸಿರಿ.