ಭಾನುವಾರದ ಪ್ರಶ್ನೋತ್ತರ: ಇಸ್ಲಾಂ ಹುಟ್ಟಿ ಹರಡಿದ ಬಗೆ

ಅಡ್ಮಿನ್: ಇವತ್ತು ನಮ್ಮ ಇತಿಹಾಸದ ಮೇಷ್ಟ್ರು ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರು: ಸಾರ್, ಹಿಜರಿ ಶಕೆ ಪ್ರವಾದಿ ಹುಟ್ಟಿದ ವರ್ಷದಿಂದ ಅಲ್ವಾ?

ಮೇಷ್ಟ್ರು: ಅಲ್ಲ. ಅವರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದ 622ರಿಂದ. ಹಾಗೆ ಎಣಿಸಲು ಶುರು ಮಾಡಿದ್ದು ಆಮೇಲೆ, ಖಲೀಫ ಉಮರ್ ಕಾಲದಲ್ಲಿ.

ಮೈಸೂರು: ಶಿಯಾ, ಸುನ್ನಿ ಬೇರೆಯಾದದ್ದು ಯಾಕೆ ಸಾರ್?

ಹುಬ್ಬಳ್ಳಿ: ಈಜಿಪ್ಟ್, ಇರಾನ್ ಎಲ್ಲ ಹತ್ತೇ ವರ್ಷದಲ್ಲಿ ಮುಸ್ಲಿಮರಾದರಂತೆ. ಹೌದಾ? ಆ ಕಾಲದ್ದೇ ಕಾಗದ ಏನಾದರೂ ಉಳಿದಿದೆಯಾ?

ಮೇಷ್ಟ್ರು: ಒಳ್ಳೇ ಪ್ರಶ್ನೆ. ಒಂದು ಕುರಿ ರಸೀದಿ ಉಳಿದಿದೆ! ಪಪೈರಸ್ ಹಾಳೆ, ಈಗ ವಿಯೆನ್ನಾದಲ್ಲಿದೆ. ಹಿಜರಿ 22, ಅಂದರೆ ಕ್ರಿ.ಶ. 643. ಪ್ರವಾದಿ ತೀರಿಕೊಂಡು 11 ವರ್ಷ ಆಗಿತ್ತು, ಅಷ್ಟೇ. ಈಜಿಪ್ಟಿನ ಒಂದು ಊರಲ್ಲಿ ಅರಬ್ಬರ ದಂಡು 50 ಕುರಿ, ಮೇಲೆ ಇನ್ನೂ 15 ತೆಗೆದುಕೊಂಡಿದೆ. ಹಡಗಿನವರಿಗೆ, ಸವಾರರಿಗೆ, ಕಾಲಾಳುಗಳಿಗೆ ಊಟ ಆಗಬೇಕಲ್ಲ. ಅದಕ್ಕೆ ಕೊಟ್ಟ ಚೀಟಿ ಇದು. ಗ್ರೀಕ್‌ನಲ್ಲೂ ಇದೆ, ಅರಬ್ಬಿಯಲ್ಲೂ ಇದೆ. ಅರಬ್ಬಿ ಭಾಗ ಬಿಸ್ಮಿಲ್ಲಾದಿಂದ, ಅಂದರೆ ‘ಅಲ್ಲಾಹನ ಹೆಸರಿನಲ್ಲಿ’ ಅಂತ ಶುರು. ಗ್ರೀಕ್ ಬರೆದವನು ಯಾರು ಗೊತ್ತಾ? ಚರ್ಚಿನ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಸೇವಕ, ಆಗಿದ್ದ ಒಬ್ಬ ನೋಟರಿ. ದೊರೆ ಹೊಸಬ, ಶಾನುಭೋಗ ಹಳಬನೇ.

ಇರಾನ್ ಕಡೆಯೂ ಹೀಗೇ. ಅರಬ್ಬರು ಹೊಡೆಸಿದ ಬೆಳ್ಳಿ ನಾಣ್ಯದಲ್ಲಿ ಎಷ್ಟೋ ವರ್ಷ ಹಳೇ ಸಸಾನಿಯನ್ (ಅರಬ್ಬರಿಗೆ ಮೊದಲು ಇರಾನ್ ಆಳಿದ ವಂಶ) ರಾಜನ ಮುಖ, ಹಿಂದುಗಡೆ ಅಗ್ನಿವೇದಿ. ಅಂಚಿನಲ್ಲಿ ಮಾತ್ರ ಪುಟ್ಟದಾಗಿ ಬಿಸ್ಮಿಲ್ಲಾ. ಚಿತ್ರವಿಲ್ಲದೆ ಬರೀ ಅಕ್ಷರದ ದಿನಾರ್, ಅಂದರೆ ಚಿನ್ನದ ನಾಣ್ಯ, ಬಂದದ್ದು 696-97ರಲ್ಲಿ, ಖಲೀಫ ಅಬ್ದುಲ್ ಮಲಿಕ್ ಕಾಲಕ್ಕೆ. ಇರಾನಿನ ಹೆಚ್ಚಿನ ಜನ ಮುಸ್ಲಿಮರಾಗಲು ಇನ್ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಬೆಂಗಳೂರು: 🙏 ಓದಿ, ಎಲ್ಲರಿಗೂ ಕಳಿಸಿ! ಚಂದ್ರ ಸೀಳಿದ್ದನ್ನು ಕಂಡು ಕೇರಳದ ರಾಜ ಚೇರಮಾನ್ ಪೆರುಮಾಳ್ ಅರೇಬಿಯಾಕ್ಕೆ ಹೋದ. 629ರಲ್ಲೇ ಕೇರಳದಲ್ಲಿ ಮಸೀದಿ!

ಮೇಷ್ಟ್ರು: ಐತಿಹ್ಯ. ಆ ಕಾಲದ ದಾಖಲೆ ಇಲ್ಲ. ಇದನ್ನೇ ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಕಳ್ಕೋತಾರೆ. ಅಳಿಸಿ.

ದಾವಣಗೆರೆ: ಮೇಷ್ಟ್ರು ಕುರಿ ಲೆಕ್ಕ ಕೊಟ್ಟರು, ಕತ್ತಿ ಲೆಕ್ಕ ಕೊಡಲಿಲ್ಲ.

ಭಟ್ಕಳ: ನಮ್ಮ ಕಡೆ ಅರಬ್ಬರು ಬಂದದ್ದು ವ್ಯಾಪಾರಕ್ಕೆ ಸ್ವಾಮೀ. ಯಾವ ಕತ್ತಿ?

ದಾವಣಗೆರೆ: ಯರ್ಮೂಕ್‌ನಲ್ಲೂ ಮೆಣಸು ತೂಗಿದರಾ?

ಭಟ್ಕಳ: ನೀವು ಬಂದಿರೋದು ಕೇಳೋಕಾ, ಕೆಣಕೋಕಾ?

ಮೇಷ್ಟ್ರು: ಯುದ್ಧ ಇಲ್ಲ ಅಂದವರು ಯಾರು? ಸಿರಿಯಾ ಕಡೆ ಅರಬ್ಬರು ಬೈಜಾಂಟಿಯಂ ದಂಡನ್ನು ಸೋಲಿಸಿದ ಯರ್ಮೂಕ್ ಕದನ 636. ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ), ಸಸಾನಿಯನ್ನರು 602ರಿಂದ 628ರವರೆಗೆ ತಮ್ಮತಮ್ಮಲ್ಲೇ ಬಡಿದಾಡಿ ಸುಸ್ತಾಗಿದ್ದರು. ಅದಕ್ಕೇ ನೆಲ ಬೇಗ ಕೈಗೆ ಬಂತು. ಅಲ್ಲಿನ ಕ್ರೈಸ್ತರು, ಯಹೂದಿಗಳು ಜಿಜ್ಯಾ (ಮುಸ್ಲಿಮೇತರರ ತಲೆಗಂದಾಯ) ಕಟ್ಟಿ ತಮ್ಮ ಮತದಲ್ಲೇ ಉಳಿದರು. ಒಬ್ಬರು ಸಿರಿಯಾದ ಮಾತಾಡ್ತೀರಿ, ಇನ್ನೊಬ್ಬರು ಕರಾವಳಿಯದ್ದು. ಸುಮ್ನೆ ಯಾಕೆ ಜಗಳ?

ಹಾಸನ: ಹಿಜರಿ ಯಾವಾಗ ಶುರು ಸಾರ್?

ಮೇಷ್ಟ್ರು: 622. ಮೇಲೆ ಓದಿ.

ಕಲಬುರಗಿ: ನಮ್ಮ ರಾಷ್ಟ್ರಕೂಟರ ಕೆಳಗೆ ಅರಬ್ ಅಧಿಕಾರಿ ಇದ್ದದ್ದು ನಿಜವಾ?

ಮೇಷ್ಟ್ರು: ನಿಜ. 926ರ ಚಿಂಚಣಿ ತಾಮ್ರಪಟ ನೋಡಿ. ಈಗಿನ ಗುಜರಾತಿನ ಸಂಜಾನ್ ಪ್ರಾಂತ ಅವನ ಕೈಲಿತ್ತು. ಹೆಸರು ಮಧುಮತಿ! ಮುಹಮ್ಮದ್ ಅನ್ನೋದು ಸಂಸ್ಕೃತದವರ ಬಾಯಲ್ಲಿ ಹಾಗಾಗಿದೆ. ಪಟದಲ್ಲಿರೋದು ಒಂದು ಮಠಕ್ಕೆ ಕೊಟ್ಟ ದತ್ತಿ.

ದಾವಣಗೆರೆ: ಇದೂ ಕಥೇನೇ ಇರಬೇಕು.

ಮೇಷ್ಟ್ರು: ತಾಮ್ರ ಕಣ್ರೀ. ಫಾರ್ವರ್ಡ್ ಅಲ್ಲ.

ಭಟ್ಕಳ: 😂

ಅಡ್ಮಿನ್: ಸಾಕು. ಇವತ್ತಿಗೆ ಮುಚ್ಚುತ್ತಿದ್ದೇನೆ.

ಮೈಸೂರು: ಸಾರ್, ನನ್ನ ಪ್ರಶ್ನೆ?