ಕಮ್ಯುನಿಟಿ ಕಾಲೇಜಿನಿಂದ ವಿಜ್ಞಾನ ಪದವಿಗೆ: ಯಾವ ಕೋರ್ಸು ಮೊದಲು?

ಪ್ರಶ್ನೆ:
ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮಗಳು ಈ ಸೆಪ್ಟೆಂಬರ್‌ನಲ್ಲಿ ಕಮ್ಯುನಿಟಿ ಕಾಲೇಜು ಸೇರುತ್ತಿದ್ದಾಳೆ. ಎರಡು ವರ್ಷ ಅಲ್ಲಿ ಓದಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಜೀವರಸಾಯನಶಾಸ್ತ್ರಕ್ಕೆ ಸೇರುವ ಆಸೆ ಅವಳದು. ಯಾವ ಕೋರ್ಸನ್ನು ಮೊದಲು ತೆಗೆದುಕೊಳ್ಳಬೇಕು ಎಂದು, ಮಕ್ಕಳನ್ನು ಈ ದಾರಿಯಲ್ಲಿ ಕಳಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1:
ರಸಾಯನಶಾಸ್ತ್ರವನ್ನು ಮೊದಲ ಕ್ವಾರ್ಟರ್‌ನಲ್ಲೇ, ಅಂದರೆ ಮೊದಲ ಮೂರು ತಿಂಗಳ ಅವಧಿಯಲ್ಲೇ, ಹಿಡಿಯಲಿ, ಅಕ್ಕಾ. ನನ್ನ ಮಗ ಹಿಡಿಯಲಿಲ್ಲ. ಹೊಸ ಕಾಲೇಜು, ಮೊದಲು ಹಗುರವಾದದ್ದು ಮುಗಿಯಲಿ ಎಂದು ಕೌನ್ಸೆಲರ್ ಹೇಳಿದರು, ನಾನೂ ಒಪ್ಪಿದೆ. ಇಂಗ್ಲಿಷ್, ಇತಿಹಾಸ, ಮನಶ್ಶಾಸ್ತ್ರ ತೆಗೆದುಕೊಂಡ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ಸಾಮಾನ್ಯ ರಸಾಯನಶಾಸ್ತ್ರಕ್ಕೆ ಮೂರು ಕ್ವಾರ್ಟರ್, ಅದು ಮುಗಿದ ಮೇಲೆಯೇ ಸಾವಯವ ರಸಾಯನಶಾಸ್ತ್ರಕ್ಕೆ ಇನ್ನು ಮೂರು. ಬೇಸಿಗೆ ಬಿಟ್ಟರೆ ಎರಡು ವರ್ಷಕ್ಕೆ ಇರುವುದೇ ಆರು. ಒಂದು ಕೈಬಿಟ್ಟದ್ದಕ್ಕೆ ಅವನ ಕೊನೆಯ ಕೋರ್ಸು ಮೂರನೆಯ ವರ್ಷಕ್ಕೆ ಜಾರಿತು, ವರ್ಗಾವಣೆಯೂ ಒಂದು ವರ್ಷ ತಡವಾಯಿತು.

ನಾನು ಪಿಯುಸಿಯಲ್ಲಿ ಪಿಸಿಎಂಬಿ ಓದಿದವಳು. ಅಲ್ಲಿ ಯಾವುದರ ಹಿಂದೆ ಯಾವುದು ಎಂದು ಕಾಲೇಜೇ ಜೋಡಿಸಿಟ್ಟಿರುತ್ತಿತ್ತು. ಇಲ್ಲಿಯೂ ಹಾಗೆಯೇ ಎಂದುಕೊಂಡದ್ದು ನನ್ನ ತಪ್ಪು. ಕ್ಯಾಲ್ಕುಲಸ್ಸನ್ನೂ ಜೊತೆಯಲ್ಲೇ ಆರಂಭಿಸಲಿ. ಅದಿಲ್ಲದೆ ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರದ ಬಾಗಿಲು ತೆರೆಯುವುದಿಲ್ಲ. ಮಗಳಿಗೆ ರಸಾಯನಶಾಸ್ತ್ರದ ಪೂರ್ವಸಿದ್ಧತಾ ಕೋರ್ಸು ಬೇಕಾದರೆ ಈ ಬೇಸಿಗೆಯಲ್ಲೇ ಮುಗಿಸಿಬಿಡಲಿ.

ಉತ್ತರ 2:
ನಾನು ಹೋದ ವರ್ಷ ವರ್ಗವಾಗಿ ಬಂದ ವಿದ್ಯಾರ್ಥಿ. ಆಂಟಿ, ಅಸಿಸ್ಟ್ ಎಂಬ ಜಾಲತಾಣದಲ್ಲಿ ನಿಮ್ಮ ಕಾಲೇಜು, ಸೇರಬೇಕಾದ ಕ್ಯಾಂಪಸ್ಸು, ವಿಷಯ ಈ ಮೂರನ್ನೂ ಆರಿಸಿದರೆ ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವುದಕ್ಕೆ ಸಮ ಎಂದು ತೋರಿಸುತ್ತದೆ. ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಪಟ್ಟಿ ಬೇರೆ, ಆದ್ದರಿಂದ ಮೂರು ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಲಿ. ಸಾವಯವ ರಸಾಯನಶಾಸ್ತ್ರದ ಸರಣಿಯನ್ನು ಅರ್ಧ ಒಂದು ಕಾಲೇಜಿನಲ್ಲಿ, ಅರ್ಧ ಇನ್ನೊಂದರಲ್ಲಿ ಮಾಡುವುದು ಬೇಡ. ಹಲವು ಕಡೆ ಇಡೀ ಸರಣಿಗೆ ಮಾತ್ರ ಸಮಾನತೆ ಕೊಡುತ್ತಾರೆ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಯೂನಿವರ್ಸಿಟಿಯ ಈ ಆರು ಕ್ಯಾಂಪಸ್ಸುಗಳಲ್ಲಿ ಒಂದಕ್ಕೆ ಖಾತರಿ ಪ್ರವೇಶದ 'ಟ್ಯಾಗ್' ಅರ್ಜಿ ಹಾಕಬಹುದು. ಅದು ವರ್ಗಾವಣೆಯ ಹಿಂದಿನ ವರ್ಷದ ಸೆಪ್ಟೆಂಬರ್ ತಿಂಗಳೊಳಗೇ ಹೋಗಬೇಕು. ಕೆಲವು ವಿಷಯಗಳಿಗೆ ಈ ಖಾತರಿ ಇಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಈ ಯೋಜನೆಯಲ್ಲೇ ಇಲ್ಲ.

ಉತ್ತರ 3:
ಕ್ಯಾಲ್-ಗೆಟ್‌ಸಿ ಎಂಬ ಸಾಮಾನ್ಯ ಶಿಕ್ಷಣದ (ಇಂಗ್ಲಿಷ್, ಇತಿಹಾಸದಂಥ ಕೋರ್ಸುಗಳ) ಪಟ್ಟಿಯನ್ನು ಪೂರ್ತಿ ಮುಗಿಸಲೇಬೇಕೆಂದು ನಮಗೆ ಹೇಳಿದ್ದರು. ಆದರೆ ವಿಜ್ಞಾನದವರು ಅದಕ್ಕಾಗಿ ಮುಖ್ಯ ವಿಷಯದ ಕೋರ್ಸನ್ನು ಮುಂದೂಡಬಾರದು. ಉಳಿದದ್ದನ್ನು ವರ್ಗವಾದ ಮೇಲೆ ಅಲ್ಲಿಯೂ ಓದಬಹುದು. ಇನ್ನೊಂದು ಮಾತು, ಪ್ರಯೋಗಾಲಯದ ಸೀಟುಗಳು ಬೇಗ ತುಂಬುತ್ತವೆ. ನೋಂದಣಿ ತೆರೆಯುವ ದಿನ ನನ್ನ ಮಗಳು ಬೆಳಗಿನ ಜಾವವೇ ಎದ್ದು ಕೂರುತ್ತಿದ್ದಳು. ನಿಮ್ಮ ಮಗಳಿಗೆ ನೋಂದಣಿಯ ದಿನಾಂಕ ಬಂದಿದೆಯೇ?